ಸಣ್ಣ ಖಾಸಗಿ ಕಾಲೇಜು ನಿಜವಾಗಿ ಯಾರದ್ದು?

ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅಧ್ಯಾಪಕರು ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಓದು ಮುಗಿಸಿ ಹೋದವರೂ ಜೀವಮಾನವಿಡೀ ‘ನಮ್ಮ ಕಾಲೇಜು’ ಅಂತಲೇ ಹೇಳುತ್ತಾರೆ. ಆದರೆ ಅದನ್ನು ಮುಚ್ಚುವ ಅಥವಾ ಬೇರೆ ಸಂಸ್ಥೆಯೊಳಗೆ ಸೇರಿಸುವ ಮಾತು ಬಂದಾಗ ಇವರಲ್ಲಿ ಯಾರ ಸಹಿಯೂ ಬೇಕಾಗುವುದಿಲ್ಲ. ತೀರ್ಮಾನ ಟ್ರಸ್ಟಿಗಳದ್ದು. ಈ ವ್ಯವಸ್ಥೆ ಗಟ್ಟಿಯಾಗಿದ್ದು ಅಮೆರಿಕದಲ್ಲಿ, ಇನ್ನೂರು ವರ್ಷಗಳ ಹಿಂದಿನ ಒಂದು ಜಗಳದಿಂದ.

ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿಗೆ 1769ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಹೆಸರಿನಲ್ಲಿ ಸನ್ನದು, ಅಂದರೆ ಕಾಲೇಜು ನಡೆಸಲು ಅಧಿಕಾರ ಕೊಡುವ ಪತ್ರ, ಸಿಕ್ಕಿತ್ತು. ಎಲೀಜರ್ ವೀಲಾಕ್ ಅದರ ಸ್ಥಾಪಕ. ಅವನ ನಂತರ ಮಗ ಜಾನ್ ವೀಲಾಕ್ ಅಧ್ಯಕ್ಷನಾದ. ಮಗನಿಗೂ ಟ್ರಸ್ಟಿಗಳಿಗೂ ಸರಿಬರಲಿಲ್ಲ. 1815ರಲ್ಲಿ ಟ್ರಸ್ಟಿಗಳು ಅವನನ್ನು ತೆಗೆದುಹಾಕಿದರು. ಜಗಳ ರಾಜಕೀಯಕ್ಕೆ ತಿರುಗಿತು. 1816ರಲ್ಲಿ ರಾಜ್ಯದ ಶಾಸನಸಭೆ ಸನ್ನದನ್ನೇ ಬದಲಿಸಿ, ಕಾಲೇಜನ್ನು ‘ಡಾರ್ಟ್‌ಮತ್ ವಿಶ್ವವಿದ್ಯಾಲಯ’ ಮಾಡಿತು. 12 ಇದ್ದ ಟ್ರಸ್ಟಿಗಳ ಸಂಖ್ಯೆ 21 ಆಯಿತು. ಕೆಲಕಾಲ ಒಂದೇ ಊರಿನಲ್ಲಿ ಎರಡು ಸಂಸ್ಥೆ ಪಕ್ಕಪಕ್ಕದಲ್ಲೇ ನಡೆದವು, ಒಂದು ಸರ್ಕಾರದ್ದು, ಇನ್ನೊಂದು ಹಳೆ ಟ್ರಸ್ಟಿಗಳದ್ದು. ಹೆಚ್ಚಿನ ವಿದ್ಯಾರ್ಥಿಗಳು ಹಳೆ ಕಾಲೇಜನ್ನು ಬಿಟ್ಟು ಬರಲಿಲ್ಲ.

ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ ಟ್ರಸ್ಟಿಗಳ ಪರ ವಾದಿಸಿದವನು ಅದೇ ಕಾಲೇಜಿನ ಹಳೆ ವಿದ್ಯಾರ್ಥಿ, 1801ರಲ್ಲಿ ಓದು ಮುಗಿಸಿದ ಡೇನಿಯಲ್ ವೆಬ್‌ಸ್ಟರ್. ‘ಅದು ಸಣ್ಣ ಕಾಲೇಜು, ಆದರೂ ಅದನ್ನು ಪ್ರೀತಿಸುವವರಿದ್ದಾರೆ’ ಎಂದು ಅವನು ಗದ್ಗದಿತನಾಗಿ ಹೇಳಿದನಂತೆ. ಕೋರ್ಟಿನ ದಾಖಲೆಯಲ್ಲಿ ಈ ಮಾತಿಲ್ಲ. ಅಲ್ಲಿದ್ದು ಕೇಳಿಸಿಕೊಂಡವರೊಬ್ಬರು ಹಲವು ವರ್ಷಗಳ ನಂತರ ನೆನಪಿಸಿಕೊಂಡಿದ್ದು. 1819ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪು ಕೊಟ್ಟರು: ಸನ್ನದು ಒಂದು ಒಪ್ಪಂದ, ಅದನ್ನು ಸರ್ಕಾರ ಮನಸ್ಸಿಗೆ ಬಂದಂತೆ ತಿದ್ದುವ ಹಾಗಿಲ್ಲ. ಖಾಸಗಿ ಕಾಲೇಜುಗಳು ಉಳಿದಿದ್ದೇ ಈ ತೀರ್ಪಿನಿಂದ. ಆದರೆ ಉಳಿದಿದ್ದು ಯಾರ ಕೈಯಲ್ಲಿ? ಟ್ರಸ್ಟಿಗಳ ಕೈಯಲ್ಲಿ. ವೆಬ್‌ಸ್ಟರ್ ಹೇಳಿದನೆನ್ನುವ ಆ ‘ಪ್ರೀತಿಸುವವರಿಗೆ’ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಮುಂದಿನ ಕಥೆಯೆಲ್ಲ ಅವರು ಆ ಜಾಗಕ್ಕಾಗಿ ಹೋರಾಡಿದ ಕಥೆ.

ಹಳೆ ವಿದ್ಯಾರ್ಥಿಗಳು ಮೊದಲು ಒಟ್ಟಾಗಿದ್ದೂ ಭಯದಿಂದಲೇ. 1821ರಲ್ಲಿ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷ ಜೆಫನಾಯಾ ಸ್ವಿಫ್ಟ್ ಮೂರ್ ಒಂದಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಹೊಸದಾಗಿ ಶುರುವಾದ ಆಮ್‌ಹರ್ಸ್ಟ್ ಕಾಲೇಜಿಗೆ ಮೊದಲ ಅಧ್ಯಕ್ಷನಾದ. ವಿಲಿಯಮ್ಸ್ ಮುಚ್ಚಿಯೇ ಹೋಗುತ್ತದೆ ಎಂದು ಎಲ್ಲರೂ ಹೆದರಿದರು. ಅದೇ ವರ್ಷ ಅಲ್ಲಿನ ಹಳೆ ವಿದ್ಯಾರ್ಥಿಗಳು ಸಂಘ ಕಟ್ಟಿದರು. ಅಂಥ ಸಂಘಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ. ಕಾಲೇಜು ಉಳಿಯಿತು. ಮುಂದೆ ಅಧಿಕಾರವೂ ಸ್ವಲ್ಪ ಸ್ವಲ್ಪ ಬಂತು. 1865ರಲ್ಲಿ ಹಾರ್ವರ್ಡ್‌ನ ಮೇಲ್ವಿಚಾರಕರ ಮಂಡಳಿಯನ್ನು ಹಳೆ ವಿದ್ಯಾರ್ಥಿಗಳೇ ಆರಿಸುವ ಪದ್ಧತಿ ಜಾರಿಗೆ ಬಂತು. ಯೇಲ್‌ನಲ್ಲಿ 1890ರಿಂದ ಹಳೆ ವಿದ್ಯಾರ್ಥಿಗಳ ನಿಧಿ ಶುರುವಾಯಿತು. ದುಡ್ಡು ಕೊಡುವವರ ಮಾತು ಕೇಳಲೇಬೇಕಲ್ವಾ? 1891ರಲ್ಲಿ ಡಾರ್ಟ್‌ಮತ್ ಕೂಡ ತನ್ನ ಹಳೆ ವಿದ್ಯಾರ್ಥಿಗಳಿಗೆ ಕೆಲವು ಟ್ರಸ್ಟಿಗಳನ್ನು ಆರಿಸುವ ಹಕ್ಕು ಕೊಟ್ಟಿತು.

ಅಧ್ಯಾಪಕರ ದಾರಿ ಇಷ್ಟು ಸಲೀಸಾಗಿರಲಿಲ್ಲ. 1900ರಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಎಡ್ವರ್ಡ್ ರಾಸ್ ಕೆಲಸ ಕಳೆದುಕೊಂಡರು. ಸಂಸ್ಥಾಪಕನ ಹೆಂಡತಿ ಜೇನ್ ಸ್ಟ್ಯಾನ್‌ಫರ್ಡ್‌ಗೆ ಅವರ ಭಾಷಣಗಳು ಹಿಡಿಸಿರಲಿಲ್ಲ, ಅಷ್ಟೇ ಸಾಕಾಯಿತು. ವಲಸೆಗಾರರ ಬಗ್ಗೆ ರಾಸ್ ಆಡಿದ ಮಾತುಗಳನ್ನು ನಾನಂತೂ ಒಪ್ಪುವುದಿಲ್ಲ. ಆದರೂ ಒಬ್ಬರ ಅಸಮಾಧಾನಕ್ಕೆ ಅಧ್ಯಾಪಕರ ಕೆಲಸ ಹೋಗುವುದು ತಪ್ಪು. ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ತತ್ವಶಾಸ್ತ್ರದ ಆರ್ಥರ್ ಲವ್‌ಜಾಯ್ ಒಬ್ಬರು. 1915ರಲ್ಲಿ ಅವರೂ ಜಾನ್ ಡ್ಯೂಯಿಯೂ ಸೇರಿ ಅಮೆರಿಕದ ಪ್ರಾಧ್ಯಾಪಕರ ಸಂಘ ಕಟ್ಟಿದರು. ಹೆಚ್ಚೆಂದರೆ 7 ವರ್ಷ ಪರೀಕ್ಷಾ ಅವಧಿ, ಆಮೇಲೆ ಕೆಲಸ ಕಾಯಂ ಎಂಬ ನಿಯಮ ಆ ಸಂಘ ಒಪ್ಪಿದ 1940ರ ಹೇಳಿಕೆಯಲ್ಲಿದೆ. ಆದರೆ 1980ರಲ್ಲಿ ಯೆಶಿವಾ ವಿಶ್ವವಿದ್ಯಾಲಯದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಬೇರೆ ಮಾತು ಹೇಳಿತು. ಪಠ್ಯಕ್ರಮ, ಪ್ರವೇಶ, ಅಂಕ ಇವನ್ನೆಲ್ಲ ಅಲ್ಲಿನ ಅಧ್ಯಾಪಕರೇ ನಿರ್ಧರಿಸುವುದರಿಂದ ಅವರು ಆಡಳಿತದವರೇ, ಹಾಗಾಗಿ ಯೂನಿಯನ್ ಮೂಲಕ ಚೌಕಾಸಿ ಮಾಡಲು ಕಾನೂನಿನ ರಕ್ಷಣೆ ಇಲ್ಲ ಎಂದಿತು. ಕಾಲೇಜನ್ನು ಮುಚ್ಚುವಾಗ ಮಾತ್ರ ಈ ‘ಆಡಳಿತದವರನ್ನು’ ಯಾರೂ ಕೇಳುವುದಿಲ್ಲ.

ವಿದ್ಯಾರ್ಥಿಗಳ ಪಾಡಂತೂ ಬಹಳ ಕಾಲ ಮಕ್ಕಳ ಪಾಡೇ ಆಗಿತ್ತು. ಕೆಂಟಕಿಯ ಬೆರಿಯಾ ಕಾಲೇಜು ತನ್ನ ಹಿಡಿತದಲ್ಲಿಲ್ಲದ ಹೋಟೆಲುಗಳಿಗೆ ಹೋಗಬಾರದೆಂದು ವಿದ್ಯಾರ್ಥಿಗಳನ್ನು ತಡೆದಿತ್ತು. ವ್ಯಾಪಾರ ಕಳೆದುಕೊಂಡ ಹೋಟೆಲಿನವನು ಕೋರ್ಟಿಗೆ ಹೋಗಿ 1913ರಲ್ಲಿ ಸೋತ. ಕಾಲೇಜು ತಂದೆ-ತಾಯಿಯ ಸ್ಥಾನದಲ್ಲಿದೆ ಎಂದಿತು ಕೋರ್ಟ್. 1961ರಲ್ಲಿ ಅಲಬಾಮಾದ ಕೇಸೊಂದರಿಂದ ಇದು ಸಡಿಲವಾಯಿತು: ನೋಟಿಸ್ ಕೊಡದೆ, ಅಹವಾಲು ಕೇಳದೆ ವಿದ್ಯಾರ್ಥಿಯನ್ನು ಹೊರಹಾಕುವಂತಿಲ್ಲ. ಆದರೆ ಅದು ಸರ್ಕಾರಿ ಕಾಲೇಜುಗಳಿಗೆ. ಖಾಸಗಿ ಕಾಲೇಜಿನಲ್ಲಿ ವಿದ್ಯಾರ್ಥಿ ಹಿಡಿದುಕೊಳ್ಳಬಹುದಾದದ್ದು ಮುಖ್ಯವಾಗಿ ಕಾಲೇಜು ತಾನೇ ಬರೆದ ನಿಯಮ ಪುಸ್ತಕವನ್ನು.

ಮೂವರೂ ಒಟ್ಟಿಗೆ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ವರ್ಜೀನಿಯಾದ ಸ್ವೀಟ್ ಬ್ರಯರ್ ಮಹಿಳಾ ಕಾಲೇಜನ್ನು ನೋಡಬೇಕು. 2015ರ ಮಾರ್ಚ್ 3ರಂದು, ಆ ಬೇಸಿಗೆ ಕಳೆದರೆ ಕಾಲೇಜು ಇರುವುದಿಲ್ಲ ಎಂದು ಅಧ್ಯಕ್ಷರು ಘೋಷಿಸಿದರು. ಹಳೆ ವಿದ್ಯಾರ್ಥಿನಿಯರು ಸುಮ್ನೆ ಅಳುತ್ತಾ ಕೂರಲಿಲ್ಲ. ಸಂಘಟನೆ ಕಟ್ಟಿ, ವಕೀಲರನ್ನು ಹಿಡಿದು, ಹಣ ಕೂಡಿಸಲು ಹೊರಟರು. ಅಧ್ಯಾಪಕರು ಮುಚ್ಚುವುದನ್ನು ಒಮ್ಮತದಿಂದ ವಿರೋಧಿಸಿದರು. ಆ ಕಾಲೇಜು ಹುಟ್ಟಿದ್ದು ಇಂಡಿಯಾನಾ ಫ್ಲೆಚರ್ ವಿಲಿಯಮ್ಸ್ ಎಂಬ ತಾಯಿ, ತೀರಿಹೋದ ಮಗಳ ನೆನಪಿಗೆ ಬರೆದಿಟ್ಟ ಉಯಿಲಿನಿಂದ. ಆ ಉಯಿಲೇ ಅವರ ಕೈಗೆ ಸಿಕ್ಕ ಆಯುಧವಾಯಿತು. ಸನ್ನದಿನಲ್ಲಿ ಸಿಗದ ಜಾಗವನ್ನು ಉಯಿಲಿನಲ್ಲಿ ಹುಡುಕಿದರು. ಜೂನ್‌ನಲ್ಲಿ ರಾಜಿಯಾಯಿತು. ಹಳೆ ವಿದ್ಯಾರ್ಥಿನಿಯರು 1.2 ಕೋಟಿ ಡಾಲರ್ ಕೊಡಲು ಒಪ್ಪಿದರು, ಟ್ರಸ್ಟಿಗಳಲ್ಲಿ ಹೆಚ್ಚಿನವರು ಬದಲಾದರು, ಕಾಲೇಜು ಮತ್ತೆ ತೆರೆಯಿತು.

ಎಲ್ಲೆಡೆ ಹೀಗಾಗಲಿಲ್ಲ. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನ ವಿದ್ಯಾರ್ಥಿನಿಯರು 1990ರಲ್ಲಿ ಮುಷ್ಕರ ಹೂಡಿ, ಪದವಿ ತರಗತಿಗಳಿಗೆ ಹುಡುಗರನ್ನು ಸೇರಿಸುವ ನಿರ್ಧಾರವನ್ನು ಹಿಂದಕ್ಕೆ ತೆಗೆಸಿದ್ದರು. ಅದೇ ಮಿಲ್ಸ್ 2022ರಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದೊಳಗೆ ಸೇರಿಹೋಯಿತು. ಈ ಸಲ ಹಳೆ ವಿದ್ಯಾರ್ಥಿನಿಯರು ಕೋರ್ಟಿಗೆ ಹೋದರೂ ತಡೆಯಲಾಗಲಿಲ್ಲ.

ನನ್ನ ಮಟ್ಟಿಗೆ ದೊಡ್ಡ ಅನ್ಯಾಯ ಮುಚ್ಚುವುದಲ್ಲ, ಕೊನೇ ಗಳಿಗೆವರೆಗೂ ಮುಚ್ಚಿಡುವುದು. ಮ್ಯಾಸಚೂಸೆಟ್ಸ್‌ನ ಮೌಂಟ್ ಐಡಾ ಕಾಲೇಜು 2018ರ ಏಪ್ರಿಲ್‌ನಲ್ಲಿ, ವರ್ಷ ಮುಗಿಯಲು ಕೆಲವೇ ವಾರ ಇರುವಾಗ ಬಾಗಿಲು ಹಾಕುವುದಾಗಿ ಹೇಳಿತು. ಆ ಹೊತ್ತಿಗೆ ಬೇರೆ ಕಾಲೇಜು ಹುಡುಕುವುದು ಎಷ್ಟು ಕಷ್ಟ! ವಿದ್ಯಾರ್ಥಿಗಳು ಹೂಡಿದ ದಾವೆಯನ್ನು ಕೋರ್ಟ್ ತಳ್ಳಿಹಾಕಿತು, 2020ರಲ್ಲಿ ಮೇಲ್ಮನವಿಯಲ್ಲೂ ಅವರಿಗೆ ಗೆಲುವು ಸಿಗಲಿಲ್ಲ. ಆದರೆ ಅವರ ಕೂಗು ಶಾಸನಸಭೆಗೆ ಕೇಳಿಸಿತ್ತು. 2019ರಲ್ಲಿ ಆ ರಾಜ್ಯ ಹೊಸ ಕಾನೂನು ಮಾಡಿತು. ಈಗ ಅಲ್ಲಿ ಖಾಸಗಿ ಕಾಲೇಜುಗಳ ಹಣಕಾಸನ್ನು ಸರ್ಕಾರ ಪ್ರತಿ ವರ್ಷ ನೋಡುತ್ತದೆ. ಮುಚ್ಚುವ ಅಪಾಯ ಕಂಡರೆ ಆ ಸಂಸ್ಥೆ ಮೊದಲೇ ತಿಳಿಸಬೇಕು, ವಿದ್ಯಾರ್ಥಿಗಳು ಓದು ಮುಗಿಸುವುದು ಹೇಗೆಂಬ ಯೋಜನೆಯನ್ನೂ ಸಿದ್ಧ ಮಾಡಬೇಕು.