ಭಾಗ ಹೋಗದಿದ್ದ ಮಾತ್ರಕ್ಕೆ ಅವಿಭಾಜ್ಯ ಎನ್ನಬೇಡಿ

ಚಿಕ್ಕೋಡಿ, ಜಮಖಂಡಿ, ಇಂಡಿ ಕಡೆಯ ಬಿಎಸ್ಸಿ ಹುಡುಗರು ಇಪ್ಪತ್ತಂಕಿಯ ಸಂಖ್ಯೆಯೊಂದನ್ನು ಹಾಳೆಯಲ್ಲಿ ಬರೆದುಕೊಂಡು ಬೆಳಗಾವಿಗೆ ಬಂದಾಗಲೆಲ್ಲ ಒಂದೇ ಮಾತು: “ಹತ್ತು ಲಕ್ಷದ ತನಕ ಭಾಗಿಸಿ ನೋಡೀನ್ರಿ ಸರ, ಎಲ್ಲೂ ಭಾಗ ಹೋಗವಲ್ದು. ಅವಿಭಾಜ್ಯನ ಐತ್ರಿ.” ಅವರ ಹುರುಪು ನನಗೆ ಬಹಳ ಇಷ್ಟ. ತೀರ್ಮಾನ ಮಾತ್ರ ತಪ್ಪು.

2⁶⁷ − 1 ನೋಡಿ: 147573952589676412927. ಫ್ರಾನ್ಸಿನ ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. ಹತ್ತು ಲಕ್ಷ ಬಿಡಿ, ಹತ್ತು ಕೋಟಿಯ ತನಕ ಭಾಗಿಸಿದರೂ ಪ್ರತಿ ಸಲ ಶೇಷ ಉಳಿಯುತ್ತದೆ. ಇದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನವೇ 193707721, ಹತ್ತೊಂಬತ್ತು ಕೋಟಿಗೂ ಮೇಲೆ. ಇನ್ನೊಂದು 761838257287. ಇವೆರಡನ್ನೂ 1903ರಲ್ಲಿ ತೋರಿಸಿದವರು ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ನೆಲ್ಸನ್ ಕೋಲ್. ಬರೀ ಭಾಗಾಕಾರದಿಂದ ಅವಿಭಾಜ್ಯ ಎಂದು ಸಾಧಿಸಬೇಕಾದರೆ ವರ್ಗಮೂಲದ ತನಕ ಹೋಗಲೇಬೇಕು, ಇಲ್ಲಿ ಅದು ಸುಮಾರು 1,215 ಕೋಟಿ. ನಡುವೆ ಎಲ್ಲೇ ನಿಂತರೂ “ಇಲ್ಲೀತನಕ ಸಿಕ್ಕಿಲ್ಲ” ಎನ್ನಬಹುದು, ಅಷ್ಟೇ. ಈ ಸಂಖ್ಯೆಗೆ ಒಂದು ಅನುಕೂಲವಿದೆ: ಅಪವರ್ತನ ಏನೇ ಇದ್ದರೂ ಅದು 134ರ (ಘಾತಾಂಕ 67ರ ಎರಡರಷ್ಟರ) ಅಪವರ್ತ್ಯಕ್ಕೆ ಒಂದು ಕೂಡಿಸಿದ್ದೇ ಆಗಿರಬೇಕು. 193707721 ಎಂದರೆ 134 × 1445580 + 1, ಗುಣಿಸಿ ನೋಡಿ.

ಕೋಲ್‌ಗಿಂತ ಮುಂಚೆ, 1876ರಲ್ಲೇ, ಫ್ರಾನ್ಸಿನ ಗಣಿತಜ್ಞ ಲ್ಯೂಕಾಸ್ ಒಂದೂ ಅಪವರ್ತನ ಹುಡುಕದೆ ಇದು ಸಂಯುಕ್ತ ಸಂಖ್ಯೆ ಎಂದು ಸಾಧಿಸಿದ್ದ. ಅಮೆರಿಕದ ಗಣಿತಜ್ಞ ಲೆಹ್ಮರ್ ಮುಂದೆ ಅವನ ಪರೀಕ್ಷೆಯನ್ನು ಸರಳ ಮಾಡಿದರು. 4ರಿಂದ ಶುರುಮಾಡಿ, ವರ್ಗ ಮಾಡಿ, 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2⁵ − 1, ಅಂದರೆ 31ಕ್ಕೆ ಮೂರು ಸಲ: 14, 8, 0. 2¹¹ − 1, ಅಂದರೆ 2047ಕ್ಕೆ ಒಂಬತ್ತು ಸಲ: 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ, ಸಂಯುಕ್ತವೆಂದು ತೀರ್ಮಾನವಾಯಿತು. 23 × 89 ಎಂದು ಗೊತ್ತಿರಬೇಕಾಗಿಯೇ ಇಲ್ಲ. ಘಾತಾಂಕ ಬೆಸ ಅವಿಭಾಜ್ಯವೇ ಇರಬೇಕು, ಮತ್ತು ಈ ಪರೀಕ್ಷೆ 2ರ ಘಾತದಿಂದ ಒಂದು ಕಳೆದ ಸಂಖ್ಯೆಗಳಿಗೆ ಮಾತ್ರ.

ಬೇರೆ ಸಂಖ್ಯೆಗಳಿಗೆ ಫರ್ಮಾ ಪರೀಕ್ಷೆ ಬಳಸುವವರು ಸ್ವಲ್ಪ ತಡೆಯಿರಿ. ಬೆಸ ಸಂಖ್ಯೆ n ಅವಿಭಾಜ್ಯವಾದರೆ 2ರ n − 1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರಲೇಬೇಕು ಎಂಬುದು ಆ ಪರೀಕ್ಷೆ. 2³⁴⁰ನ್ನು 341ರಿಂದ ಭಾಗಿಸಿದರೆ ಶೇಷ 1 ಬರುತ್ತದೆ, ಆದರೂ 341 ಎಂದರೆ 11 × 31. ಅಲ್ಲಿ ಪಾಸಾದರೆ “ಬಹುಶಃ ಅವಿಭಾಜ್ಯ” ಎನ್ನಿ.

ಲೆಕ್ಕವನ್ನು ಎಕ್ಸೆಲ್‌ನಲ್ಲಂತೂ ಮಾಡಲೇಬೇಡಿ. ಅದು ಹದಿನೈದು ಅಂಕಿ ಉಳಿಸಿಕೊಂಡು ಮುಂದಿನದಕ್ಕೆ ಸೊನ್ನೆ ತುಂಬುತ್ತದೆ. 2⁶⁷ − 1 ಅಲ್ಲಿ ಸಮಸಂಖ್ಯೆಯಾಗಿ ಕಾಣುತ್ತದೆ! ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪೂರ್ಣಾಂಕವನ್ನು ಇಡಿಯಾಗಿ ಇಟ್ಟುಕೊಳ್ಳುತ್ತದೆ, ಆದರೆ ಒಂಟಿ ಓರೆಗೆರೆಯಿಂದ (/) ಭಾಗಿಸಿದರೆ ಅಲ್ಲೂ ದಶಾಂಶಕ್ಕೆ ಹೋಗಿ ಅಂಕಿ ಕೆಡುತ್ತವೆ. ಶೇಷದ ಚಿಹ್ನೆಯನ್ನೇ (%) ಬಳಸಿ.

2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅವಿಭಾಜ್ಯ ಸಂಖ್ಯೆ 2¹³⁶²⁷⁹⁸⁴¹ − 1ಕ್ಕೆ 4,10,24,320 ಅಂಕಿಗಳಿವೆ. ಅದೂ ಮೊದಲು “ಬಹುಶಃ” ಎಂದೇ ದಾಖಲಾಯಿತು. ಬೇರೆ ಯಂತ್ರಗಳಲ್ಲಿ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಮುಗಿದು ಸೊನ್ನೆ ಬಂದ ಮೇಲಷ್ಟೇ ಅವಿಭಾಜ್ಯವೆಂದು ಘೋಷಿಸಿದರು.