ಹಿಮ್ಮಡಿ ಕೆಳಗೆ ಎರಡು ಪ್ಲೇಟ್

ಜಿಮ್ ಸೇರಿದ ಹೊಸದರಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಬಾರ್ಬೆಲ್ ಹೊತ್ತು ಕೂತು ಏಳುವ ವ್ಯಾಯಾಮ) ಮಾಡುವಾಗೆಲ್ಲ ನನಗೆ ಒಂದೇ ಬೈಗುಳ: "ಎದೆ ಎತ್ತು, ಬೆನ್ನು ಬಗ್ಗಿಸಬೇಡ." ಎಷ್ಟು ಎತ್ತಿದರೂ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಕ್ಕೆ ಬಾಗುತ್ತಿದ್ದೆ. ಒಂದು ದಿನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎರಡೂವರೆ ಕಿಲೋದ ಎರಡು ತೂಕದ ಪ್ಲೇಟ್ ತಂದು ನನ್ನ ಹಿಮ್ಮಡಿಗಳ ಕೆಳಗೆ ಇಟ್ಟರು. ಸಲೀಸಾಗಿ ಕೆಳಗಿಳಿದೆ, ಬೆನ್ನೂ ನೆಟ್ಟಗಿತ್ತು! ಹಿಮ್ಮಡಿ ಎತ್ತರವಾದರೆ ಪಾದದ ಗಂಟು ಅಷ್ಟು ಮಡಚಬೇಕಿಲ್ಲ. ಅಂದರೆ ತಪ್ಪು ಬೆನ್ನಿನದ್ದಲ್ಲ, ಆ ಗಂಟಿನದ್ದು.

ಲೆಕ್ಕ ಸರಳ. ದೇಹ ಮತ್ತು ಬಾರ್ಬೆಲ್ ಎರಡರ ಭಾರವೂ ಪಾದದ ನಡುಭಾಗದ ನೇರಕ್ಕೆ ಇರಬೇಕು, ಇಲ್ಲದಿದ್ದರೆ ಬೀಳುತ್ತೇವೆ. ಕೂರುವಾಗ ಸೊಂಟ ಹಿಂದೆ ಹೋಗುತ್ತದೆ. ಅದನ್ನು ತೂಗಿಸಲು ಮಂಡಿ ಮುಂದೆ ಬರಬೇಕು. ಪಾದದ ಗಂಟು ಮಡಚದಿದ್ದರೆ ಮಂಡಿ ಎಲ್ಲಿಂದ ಮುಂದೆ ಬರುತ್ತದೆ? ಆಗ ಹಿಮ್ಮಡಿ ಏಳುತ್ತದೆ, ಪಾದ ಒಳಕ್ಕೆ ವಾಲುತ್ತದೆ, ಅಥವಾ ಎದೆ ಮುಂದೆ ಬಾಗುತ್ತದೆ. ತೊಡೆ ಉದ್ದ ಇರುವವರು ಹೇಗಿದ್ದರೂ ಸ್ವಲ್ಪ ಜಾಸ್ತಿಯೇ ಬಾಗುತ್ತಾರೆ, ಅದು ತಪ್ಪಲ್ಲ.

"ಮಂಡಿ ಬೆರಳು ದಾಟಬಾರದು" ಅಂತ ಹೇಳುವವರು ಈಗಲೂ ಇದ್ದಾರೆ. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಂಡಿಯ ಮುಂದೆ ಹಲಗೆ ಅಡ್ಡ ಇಟ್ಟು ಸ್ಕ್ವಾಟ್ ಮಾಡಿಸಿದ್ದರು. ಮಂಡಿಯ ಮೇಲಿನ ತಿರುಚುಬಲ ಸುಮಾರು ಐದನೇ ಒಂದು ಭಾಗ ಇಳಿಯಿತು. ಸೊಂಟದ ಕೀಲಿನ ಮೇಲಿನದ್ದು ಹತ್ತು ಪಟ್ಟಿಗೂ ಮೀರಿ ಏರಿತು. ಮಂಡಿ ಉಳಿಸಲು ಹೋಗಿ ಹೊರೆಯನ್ನು ಸೊಂಟದ ತಲೆಗೆ ಕಟ್ಟಿದ ಹಾಗಾಯಿತು, ಅಲ್ವಾ?

ಇನ್ನು ಗಂಟಿನ ಒಳಗೆ. ಟಾಲಸ್ ಅನ್ನುವ ಮೂಳೆ ಮುಂದೆ ಅಗಲ, ಹಿಂದೆ ಕಿರಿದು, ಥೇಟ್ ಬೆಣೆಯ ಹಾಗೆ. ಪಾದ ಮೇಲಕ್ಕೆ ಮಡಚಿದಷ್ಟೂ ಅದರ ಅಗಲ ಭಾಗ ಕಾಲಿನ ಎರಡು ಮೂಳೆಗಳ ನಡುವೆ ಬಿಗಿಯುತ್ತದೆ. ಹಿಂದಿನಿಂದ ಎಳೆದು ಹಿಡಿಯುವುದು ಮೀನಖಂಡ. ಅದರ ಮೇಲ್ಪದರದ ಸ್ನಾಯು ಮಂಡಿ ದಾಟಿ ತೊಡೆಮೂಳೆಗೆ ಅಂಟಿಕೊಂಡಿದೆ, ಮಂಡಿ ಮಡಚಿದರೆ ಸಡಿಲವಾಗುತ್ತದೆ. ಒಳಪದರದ ಸೋಲಿಯಸ್ ಮಂಡಿ ದಾಟುವುದೇ ಇಲ್ಲ. ಹಾಗಾಗಿ ಸ್ಕ್ವಾಟ್‌ನಲ್ಲಿ ಹೆಚ್ಚಾಗಿ ತಡೆಯುವುದು ಅದೇ. ನಾನೋ, ತಿಂಗಳುಗಟ್ಟಲೆ ಕಾಲು ನೆಟ್ಟಗೆ ಚಾಚಿ ಸ್ಟ್ರೆಚ್ ಮಾಡುತ್ತಿದ್ದೆ. ಮಂಡಿ ಮಡಚಿ ಎಳೆಯಬೇಕಿತ್ತು. ಎಳೆತ ಹಿಂದೆ ಆಗದೆ ಗಂಟಿನ ಮುಂದೆ ಚುಚ್ಚಿದರೆ ಮಾತ್ರ ಸುಮ್ನೆ ಒತ್ತಬೇಡಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ನಮ್ಮಜ್ಜಿ ಕುಕ್ಕರುಗಾಲಲ್ಲಿ ಕೂತು ಒಂದು ರಾಶಿ ಪಾತ್ರೆ ತೊಳೆಯುತ್ತಿದ್ದರು, ಹಿಮ್ಮಡಿ ನೆಲ ಬಿಡುತ್ತಿರಲಿಲ್ಲ. ಈ ಅಭ್ಯಾಸ ಮೂಳೆಯಲ್ಲೂ ಉಳಿಯುತ್ತದೆ. ಹಾಗೆ ಕೂರುವವರ ಟಿಬಿಯಾ ಅನ್ನುವ ಕೆಳಗಾಲಿನ ದೊಡ್ಡ ಮೂಳೆಯ ಕೆಳತುದಿಯ ಮುಂಭಾಗದಲ್ಲೂ ಟಾಲಸ್‌ನ ಕತ್ತಿನಲ್ಲೂ ನುಣುಪಾದ ಸಣ್ಣ ಗುರುತುಗಳು ಕಾಣುತ್ತವೆ. 1889ರಲ್ಲೇ ಅಂಗರಚನಾ ತಜ್ಞ ಆರ್ಥರ್ ಥಾಮ್ಸನ್ ಇವುಗಳ ಬಗ್ಗೆ ಬರೆದರು. 1959ರಲ್ಲಿ ಇಂದರ್‌ಬೀರ್ ಸಿಂಗ್ ಭಾರತೀಯರ ಮೂಳೆಗಳಲ್ಲಿ ಇವನ್ನು ವಿವರಿಸಿದರು. ಗರಡಿಯ ಬಸ್ಕಿ ಬೇರೆ ಕತೆ. ಅಲ್ಲಿ ಹಿಮ್ಮಡಿ ಬೇಕಂತಲೇ ಏಳುತ್ತದೆ, ಗಂಟಿನ ಪರೀಕ್ಷೆ ಆಗುವುದಿಲ್ಲ.

ಪರೀಕ್ಷೆ ಬೇಕಿದ್ದರೆ ಗೋಡೆ ಸಾಕು. ಹೆಬ್ಬೆರಳನ್ನು ಗೋಡೆಯಿಂದ 10 ಸೆಂ.ಮೀ. ದೂರ ಇಡಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ನನ್ನ ಬಲಗಾಲು ಮುಟ್ಟಿತು. ಹಿಂದೊಮ್ಮೆ ಉಳುಕಿದ್ದ ಎಡಗಾಲು 6ಕ್ಕೇ ನಿಂತಿತು. ಈಗ 8ಕ್ಕೆ ಬಂದಿದೆ. ಒಲಿಂಪಿಕ್ ವೇಟ್‌ಲಿಫ್ಟರ್‌ಗಳ ಶೂಗಳಲ್ಲೇ ಹಿಮ್ಮಡಿ ಸುಮಾರು 2 ಸೆಂ.ಮೀ. ಎತ್ತರ ಇರುತ್ತದಂತೆ ಎಂದು ತಿಳಿದ ಮೇಲೆ, ಪ್ಲೇಟ್ ಇಟ್ಟುಕೊಳ್ಳಲು ನನಗೂ ನಾಚಿಕೆಯಿಲ್ಲ.