ಶಟರ್ ಇಳಿದ ಮೇಲಿನ ತಾಸುಗಳ ಪಗಾರ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ ಕೊಪ್ಪೀಕರ್ ರಸ್ತೆಯಲ್ಲಾಗಲಿ, ಬಟ್ಟೆ ಅಂಗಡಿಯ ಶಟರ್ ಅರ್ಧ ಇಳಿಯಿತೆಂದರೆ ಗಿರಾಕಿಯ ಪಾಲಿಗೆ ವ್ಯಾಪಾರ ಮುಗಿಯಿತು. ಒಳಗಿರುವವರಿಗೆ ಮುಗಿದಿರುವುದಿಲ್ಲ. ಹರವಿದ ಸೀರೆಗಳನ್ನು ಮಡಚಿ ರ‍್ಯಾಕಿಗೆ ಏರಿಸಬೇಕು, ಬ್ಲೌಸ್ ಪೀಸ್ ಎಣಿಸಬೇಕು, ಬಿಲ್ಲಿಗೂ ಸ್ಟಾಕಿಗೂ ತಾಳೆ ಹಾಕಬೇಕು. ಬೆಳಿಗ್ಗೆಯೂ ಅಷ್ಟೇ: ಬಾಗಿಲು ತೆರೆಯುವ ಮೊದಲೇ ಕಸ, ನೀರು, ಪೂಜೆ. ಹಾಜರಿ ಪುಸ್ತಕದಲ್ಲಿ ಮಾತ್ರ ಈ ಎರಡೂ ತುದಿಗಳು ಕಾಣುವುದಿಲ್ಲ. ಮಾಲೀಕ ಹೇಳಿದ ಕೆಲಸಕ್ಕೆ ನೀವು ಅಂಗಡಿಯಲ್ಲಿದ್ದಿರಿ ಎಂದರೆ ಅದು ದುಡಿಮೆಯ ಸಮಯ, ಗಿರಾಕಿ ಇರಲಿ ಬಿಡಲಿ.

ಹುಬ್ಬಳ್ಳಿ-ಧಾರವಾಡದ ಶೋರೂಂ, ಹೋಟೆಲ್, ಕೊರಿಯರ್ ಆಫೀಸುಗಳಿಗೆಲ್ಲ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ 7ನೇ ಕಲಂ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು. ಅದನ್ನು ಮೀರಿದ್ದಕ್ಕೆ 8ನೇ ಕಲಂ ಪ್ರಕಾರ ಪಗಾರದ ದರದ ದುಪ್ಪಟ್ಟು ಕೊಡಬೇಕು. ದಿನದ ಲೆಕ್ಕವನ್ನಷ್ಟೇ ನೋಡುವವರು ಇಲ್ಲಿ ಮೋಸ ಹೋಗುತ್ತಾರೆ. ದಿನಕ್ಕೆ ಒಂಬತ್ತೇ ತಾಸು ದುಡಿದರೂ ಆರು ದಿನಕ್ಕೆ 54 ಆಗುತ್ತದೆ, ಅಂದರೆ ಆರು ತಾಸು ಹೆಚ್ಚುವರಿ.

ತಿಂಗಳಿಗೆ 15,600 ರೂಪಾಯಿ ಪಗಾರದ ಒಬ್ಬ ಸೇಲ್ಸ್‌ಮನ್ನನ ಲೆಕ್ಕ ಹಾಕೋಣ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಎಂಟು ತಾಸಿಗೆ ಭಾಗಿಸಿದರೆ ತಾಸಿಗೆ 75, ದುಪ್ಪಟ್ಟು 150. ಬೆಳಿಗ್ಗೆ 10ಕ್ಕೆ ಬಂದು ರಾತ್ರಿ 9ಕ್ಕೆ ಹೊರಟು, ನಡುವೆ ಒಂದು ತಾಸು ಊಟಕ್ಕೆ ಬಿಟ್ಟರೆ ದಿನಕ್ಕೆ 10 ತಾಸು, ಆರು ದಿನಕ್ಕೆ 60. ವಾರಕ್ಕೆ 12 ತಾಸು ಹೆಚ್ಚುವರಿ, 1,800 ರೂಪಾಯಿ. ನಾಲ್ಕು ವಾರಕ್ಕೆ 7,200. ಪಗಾರದ ಅರ್ಧದ ಹತ್ತಿರ ಬರುವ ಈ ಹಣ ಪ್ರತಿ ತಿಂಗಳೂ ಕೈತಪ್ಪುತ್ತಿರುತ್ತದೆ. ಮೂರು ತಿಂಗಳಿಗೆ ಒಟ್ಟು 50 ತಾಸು ಓವರ್‌ಟೈಮ್ ಎಂಬ ಮಿತಿಯನ್ನು ಅದೇ ಕಾಯ್ದೆ ಹಾಕಿದೆ. ಈ ಉದಾಹರಣೆಯಲ್ಲಿ 13 ವಾರಕ್ಕೆ 156 ತಾಸು ಆಗುತ್ತದೆ. ಮಿತಿ ಮೀರಿದ್ದು ದುಡಿಸಿಕೊಂಡವರ ತಪ್ಪು, ದುಡಿದ ತಾಸಿನ ಹಣ ಅದರಿಂದ ಕರಗುವುದಿಲ್ಲ.

ಭಾಗಿಸುವಾಗಲೂ ಕಣ್ಣಿಡಿ. ರಜೆಯ ಹಣ ಕತ್ತರಿಸುವಾಗ 15,600ನ್ನು 26ರಿಂದ ಭಾಗಿಸಿ 600 ಕಡಿಯುತ್ತಾರೆ. ಓವರ್‌ಟೈಮ್ ಕೊಡುವಾಗ 30ರಿಂದ ಭಾಗಿಸಿ 520 ಹಿಡಿಯುತ್ತಾರೆ. ಕಡಿಯುವಾಗ ಒಂದು, ಕೊಡುವಾಗ ಇನ್ನೊಂದು ಆಗಬಾರದು.

"ಮಾತಾಡಿದ ಪಗಾರದಾಗ ಎಲ್ಲಾ ಬಂತು", "ಚಹಾ-ನಾಷ್ಟಾ ಕೊಡ್ತೀವಲ್ಲ" ಎಂಬ ಉತ್ತರಗಳು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಓವರ್‌ಟೈಮ್ ದರ ದುಪ್ಪಟ್ಟಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಸಂಹಿತೆಯಡಿ ಬರಬೇಕಾದ ಹಣವನ್ನು ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟಿದ್ದರೂ ಆ ಕಾಗದ ಶೂನ್ಯ. ಇನ್ನೊಂದು ದಾರಿ "ಫ್ಲೋರ್ ಮ್ಯಾನೇಜರ್" ಎಂಬ ಬ್ಯಾಡ್ಜ್. ಆಡಳಿತದ ಹುದ್ದೆಯವರಿಗೆ 1961ರ ಕಾಯ್ದೆಯಲ್ಲಿ ವಿನಾಯಿತಿ ಇರುವುದು ನಿಜ. ಆದರೆ ನೋಡಬೇಕಾದದ್ದು ಬ್ಯಾಡ್ಜನ್ನಲ್ಲ, ಕೆಲಸವನ್ನು. ರಜೆ ಮಂಜೂರು ಮಾಡುವ, ಆಳು ಇಟ್ಟುಕೊಳ್ಳುವ ಅಧಿಕಾರವಿಲ್ಲದೆ ದಿನವಿಡೀ ಸೀರೆ ತೋರಿಸುವವರು ಸೇಲ್ಸ್‌ಮನ್ನೇ.

ಇಷ್ಟಾದರೂ ಹೆಚ್ಚಿನ ದೂರುಗಳು ಬಿದ್ದುಹೋಗುವುದು ಕಾನೂನಿನ ಕೊರತೆಯಿಂದಲ್ಲ, ದಾಖಲೆಯ ಕೊರತೆಯಿಂದ. ಬಾಕಿ ಹಣ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆಯನ್ನು ವೇತನ ಸಂಹಿತೆ ಮಾಲೀಕರ ಮೇಲೆ ಹಾಕಿದೆ. ಎಷ್ಟು ತಾಸು ದುಡಿದಿರಿ ಎಂದು ಹೇಳಬೇಕಾದವರು ಮಾತ್ರ ನೀವೇ. "ದಿನಾ ತಡ ಆಗ್ತಿತ್ರೀ" ಎಂದರೆ ಸಾಲದು. ಐದು ರೂಪಾಯಿಯ ಪಾಕೆಟ್ ನೋಟ್‌ಬುಕ್ಕಿನಲ್ಲಿ ಅಂದಿನದನ್ನು ಅಂದೇ ಹೀಗೆ ಬರೆಯಿರಿ: "14, ಮಂಗಳವಾರ. ಬಂದದ್ದು 9.50. ಊಟ 2.15ರಿಂದ 2.45. ಹೊರಟದ್ದು 9.20. ಶಟರ್ ಇಳಿದ ಮೇಲೆ ಸೀರೆ ಮಡಚಿದ್ದು, ಸ್ಟಾಕ್ ಎಣಿಕೆ." ಒಟ್ಟು 11 ತಾಸು. ಒಂದು ತಿಂಗಳದ್ದನ್ನು ಒಂದೇ ಪೆನ್ನಿನಿಂದ ಒಂದೇ ರಾತ್ರಿ ಬರೆದರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ, ನಂಬಿಕೆ ಅಲ್ಲೇ ಹೋಗುತ್ತದೆ.

ಆ ಬರಹಕ್ಕೆ ಹೊರಗಿನ ಆಧಾರ ಜೋಡಿಸಿ. "ನಾಳೆ ಎಲ್ಲಾರೂ 9:30ಕ್ಕ ಬರ್ರಿ" ಎಂಬ ವಾಟ್ಸ್‌ಆ್ಯಪ್ ಸಂದೇಶ, ನಿಮ್ಮ ಕೋಡ್ ಇರುವ ಕೊನೆಯ ಬಿಲ್ಲಿನ ಸಮಯ, ಪಗಾರ ಜಮೆಯಾದ ಪಾಸ್‌ಬುಕ್ ಪುಟ. ಹೆಣ್ಣುಮಕ್ಕಳಿಗೆ ಇನ್ನೊಂದು ಒಳ್ಳೆಯ ಸಾಕ್ಷಿ ಇದೆ. ವಾಯವ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಮೇಲೆ ತಾರೀಖು, ಸಮಯ ಅಚ್ಚಾಗಿರುತ್ತದೆ. ರಾತ್ರಿ 9.35ಕ್ಕೆ ಬಸ್ ಹತ್ತಿದವರು 8ಕ್ಕೇ ಮನೆಗೆ ಹೋದರು ಎಂದು ಯಾರೂ ಹೇಳಲಾಗದು. ಆ ಕಾಗದದ ಅಕ್ಷರ ಕೆಲವೇ ವಾರಗಳಲ್ಲಿ ಮಾಸುತ್ತದೆ, ಅಂದೇ ಫೋಟೋ ತೆಗೆದಿಡಿ.

ಇನ್ನು ಜಡ್ಡಿನ ದಿನಗಳ ಪಗಾರ. 1961ರ ಕಾಯ್ದೆಯ 15ನೇ ಕಲಂ ವರ್ಷಕ್ಕೆ 12 ದಿನದವರೆಗೆ, ಕಾಯಿಲೆ, ಅಪಘಾತ ಅಥವಾ ಬೇರೆ ಯೋಗ್ಯ ಕಾರಣಕ್ಕೆ, ಪಗಾರ ಸಹಿತ ರಜೆ ಕೊಡುತ್ತದೆ. ಸೇರಿದ ಮೊದಲ ವರ್ಷದಲ್ಲೂ ಇದು ಸಿಗುತ್ತದೆ. 20 ದಿನ ದುಡಿದರೆ ಒಂದು ದಿನದಂತೆ ಗಳಿಸುವ ರಜೆ ಬೇರೆ. ಅದರಲ್ಲಿ ಇದನ್ನು ಕಳೆಯುವಂತಿಲ್ಲ. ಕಾಯಿಲೆಯ ಮೊದಲ ದಿನ ಬೆಳಿಗ್ಗೆಯೇ "ಜ್ವರ, ಇಂದಿನಿಂದ 3 ದಿನ, ಪಗಾರ ಸಹಿತ ರಜೆ ಕೊಡಬೇಕು" ಎಂದು ಸಂದೇಶ ಕಳಿಸಿ. ಫೋನಿನಲ್ಲಿ ಹೇಳಿದ್ದು ಮುಂದೆ "ಹೇಳದೇ ಕೇಳದೇ ಖಾಡಾ" ಆಗಿಬಿಡುತ್ತದೆ. ಸೋಮವಾರ ಬರದಿದ್ದರೆ ಎರಡು ದಿನದ ಪಗಾರ ಕಡಿಯುವ ರೂಢಿ ಹಲವು ಕಡೆ ಇದೆ. ಅದು ಕಾನೂನುಬಾಹಿರ: ಗೈರುಹಾಜರಿಯ ಕಡಿತ ಗೈರಾದ ಅವಧಿಯ ಪ್ರಮಾಣ ಮೀರುವಂತಿಲ್ಲ.

ಕಾಯಿಲೆ ಉದ್ದವಾದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಬೇಕು. ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಇದು ಅನ್ವಯ. ನಿಮ್ಮಿಂದ ಶೇ. 0.75, ಮಾಲೀಕರಿಂದ ಶೇ. 3.25. "ಓವರ್‌ಟೈಮ್ ಕೊಟ್ರ ನಿನ್ನ ಇಎಸ್‌ಐ ಹೋಗ್ತದ" ಎಂದು ಹೆದರಿಸಿದರೆ ನಂಬಬೇಡಿ. ಆ 21,000ದ ಲೆಕ್ಕದಲ್ಲಿ ಓವರ್‌ಟೈಮ್ ಹಣ ಸೇರುವುದಿಲ್ಲ.

ಕಾಯಿಲೆ ಭತ್ಯೆ ದಿನದ ಸರಾಸರಿ ಪಗಾರದ ಶೇ. 70, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಎಡವಟ್ಟಾಗುವುದು ಇಲ್ಲೇ. ನೀವು ತಿಂಗಳಿಗೆ 26 ದಿನ ದುಡಿದರೂ ವಂತಿಗೆ ಉಳಿಸಲು ಕಾಗದದ ಮೇಲೆ 12 ದಿನ ತೋರಿಸಿದರೆ ಆರು ತಿಂಗಳಿಗೆ 72, ಭತ್ಯೆ ಸೊನ್ನೆ. ದಿನಕ್ಕೆ 600 ಬದಲು 300 ತೋರಿಸಿದರೆ 420 ಸಿಗಬೇಕಾದಲ್ಲಿ 210 ಸಿಗುತ್ತದೆ. ಹಿಂದಿನ ತಿಂಗಳ ವಂತಿಗೆ ಕಟ್ಟಲು 15ನೇ ತಾರೀಖು ಕಡೆಯ ದಿನ. ಅದಾದ ಮೇಲೆ ಇಎಸ್‌ಐಸಿ ಪೋರ್ಟಲ್‌ನಲ್ಲಿ ನಿಮ್ಮ ವಿಮಾ ಸಂಖ್ಯೆ ಹಾಕಿ ದಿನ, ಪಗಾರ ಎರಡನ್ನೂ ನೋಡಿ. ಹಾಸಿಗೆ ಹಿಡಿದ ಮೇಲೆ ನೋಡಿದರೆ ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ.

ಪ್ರಮಾಣಪತ್ರ ಇಎಸ್‌ಐ ವೈದ್ಯರಿಂದಲೇ ಪಡೆಯಿರಿ, ಖಾಸಗಿ ಡಾಕ್ಟರ ಚೀಟಿಯನ್ನು ನೆಚ್ಚಿಕೊಳ್ಳಬೇಡಿ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಭತ್ಯೆ ಇಲ್ಲ. ಪಗಾರ ಸಹಿತ ರಜೆ ಪಡೆದ ದಿನಕ್ಕೂ ಭತ್ಯೆ ಇಲ್ಲ. ಹಾಗಾಗಿ ಆ ಎರಡು ದಿನಕ್ಕೆ ಅಂಗಡಿಯ 12 ದಿನದ ರಜೆ ಬಳಸಿ, ಮೂರನೆಯ ದಿನದಿಂದ ಇಎಸ್‌ಐ ಭತ್ಯೆ ಪಡೆಯುವುದು ಲೇಸು.

ಬಾಕಿ ಕೇಳುವಾಗ ಮೊದಲು ಲಿಖಿತವಾಗಿ ಮಾಲೀಕರಿಗೆ ಕೊಡಿ: ತಿಂಗಳು, ತಾಸು, ದರ, ಮೊತ್ತ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ; ಗದಗ, ಹಾವೇರಿಯವರು ಹುಬ್ಬಳ್ಳಿಗೆ ಬರಬೇಕಿಲ್ಲ, ಅಲ್ಲೇ ಕಾರ್ಮಿಕ ನಿರೀಕ್ಷಕರಿದ್ದಾರೆ. ವೇತನ ಸಂಹಿತೆಯಡಿ ಮೂರು ವರ್ಷದೊಳಗಿನ ಬಾಕಿ ಕೇಳಬಹುದು. ಪರಿಹಾರವಾಗಿ ಹತ್ತು ಪಟ್ಟಿನವರೆಗೂ ಆದೇಶಿಸುವ ಅಧಿಕಾರ ದೂರು ವಿಚಾರಿಸುವ ಪ್ರಾಧಿಕಾರಕ್ಕಿದೆ. ವಕೀಲರ ಖರ್ಚಿನ ಭಯವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ. ಆರು ತಿಂಗಳು ಸತತ ಸೇವೆ ಆದವರನ್ನು ಯೋಗ್ಯ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಕೊಡದೆ ತೆಗೆಯುವಂತಿಲ್ಲ.

ಕೆಲಸ ಬಿಡುವ ದಿನ "ಎಲ್ಲಾ ಹಣ ಮುಟ್ಟಿದೆ" ಎಂದು ಮೊದಲೇ ಟೈಪ್ ಆದ ವೋಚರ್ ಮುಂದಿಟ್ಟರೆ, ಕೊಟ್ಟ ಹಣ ಎಣಿಸಿಕೊಂಡು, ಸಹಿಯ ಮೇಲೆ ನಿಮ್ಮ ಕೈಬರಹದಲ್ಲೇ "ಓವರ್‌ಟೈಮ್ ಬಾಕಿ ಇದರಲ್ಲಿ ಸೇರಿಲ್ಲ" ಎಂದು ಬರೆದು ತಾರೀಖು ಹಾಕಿ. ಆಮೇಲೆ ಅದರ ಫೋಟೋ ತೆಗೆದುಕೊಂಡೇ ಅಂಗಡಿಯ ಮೆಟ್ಟಿಲು ಇಳಿಯಿರಿ.